ಒಂದು ಕಡ್ಡಿ ಜಾಸ್ತಿ

ಮೇಸ್ತ್ರಿ ಡಾಂಬರು ರಸ್ತೆಯಲ್ಲಿ ನಡೆಯುವುದನ್ನು ಮೊದಲ ಸಲ ನೋಡಿದವರು, ಪಾಪ, ಚಪ್ಪಲಿ ಕಚ್ಚುತ್ತಿರಬೇಕು ಅಂದುಕೊಳ್ಳುತ್ತಾರೆ. ಆಳು ಆರಡಿ ಎತ್ತರ, ಹೆಜ್ಜೆ ಮಾತ್ರ ಎರಡೇ ಅಡಿ. ರೈಲು ಹಳಿಯ ಕೆಳಗೆ ಅಡ್ಡಡ್ಡ ಮಲಗಿರುವ ಸಿಮೆಂಟಿನ ಸ್ಲೀಪರುಗಳ ನಡುವಿನ ಅಂತರ ಅಷ್ಟು. ಇಪ್ಪತ್ತೆರಡು ವರ್ಷ ಅವುಗಳ ಮೇಲೇ ನಡೆದ ಕಾಲಿಗೆ ಬೇರೆ ಹೆಜ್ಜೆ ಮರೆತೇಹೋಗಿದೆ. ಹೆಂಡತಿಯ ಜತೆ ಪೇಟೆಗೆ ಹೊರಟರೆ ಅವಳು ಮುಂದೆ, ಇವನು ಹಿಂದೆ ಟುಕುಟುಕು.

"ರೀ, ಇಲ್ಲಿ ಯಾರೂ ಸ್ಲೀಪರ್ ಹಾಕಿಲ್ಲ. ಸ್ವಲ್ಪ ಕಾಲು ಬೀಸಿ, ಅಂಗಡಿ ಮುಚ್ಚಿಬಿಡ್ತಾನೆ," ಎಂದು ಅವಳು ತಿರುಗಿ ನಿಂತು ಹೇಳುವುದು ವಾರಕ್ಕೊಮ್ಮೆಯಾದರೂ ಉಂಟು.

ಅವನ ಸಾಮ್ರಾಜ್ಯದ ಉದ್ದ ಆರು ಕಿಲೋಮೀಟರು, ಅಗಲ ನಾಲ್ಕು ಮಾರು. ಪ್ರಜೆಗಳು ಹತ್ತು ಮಂದಿ, ಅಂದರೆ ಅವನ ಗ್ಯಾಂಗು. ಕಿಟಕಿ ಪಕ್ಕ ಕೂತು ಪ್ರಯಾಣ ಮಾಡುವ ನಮ್ಮಂಥವರು, ಹಳಿಯನ್ನು ಒಮ್ಮೆ ಹಾಕಿಬಿಟ್ಟರೆ ಅದು ಹಾಕಿದಲ್ಲೇ ಬಿದ್ದಿರುತ್ತದೆ ಎಂದು ನಂಬಿರುತ್ತೇವೆ. ಅದು ಬಿದ್ದಿರುವುದಿಲ್ಲ. ಸಾವಿರಾರು ಟನ್ನಿನ ಗಾಡಿ ದಿನಕ್ಕೆ ಮೂವತ್ತು ಸಲ ಮೇಲೆ ಹಾಯ್ದರೆ ಸ್ಲೀಪರು ಜಲ್ಲಿಯೊಳಗೆ ಕೂದಲೆಳೆಯಷ್ಟು ಕೂರುತ್ತದೆ. ನಾಳೆ ಇನ್ನೊಂದೆಳೆ. ಅದೂ ಎಲ್ಲ ಕಡೆ ಒಂದೇ ಸಮ ಕೂತರೆ ತೊಂದರೆಯಿಲ್ಲ. ಇಲ್ಲಿ ಹೆಚ್ಚು ಕೂರುತ್ತದೆ, ಅಲ್ಲಿ ಕಡಿಮೆ. ಬಿಸಿಲಿಗೆ ಕಂಬಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಅದನ್ನು ಕಚ್ಚಿ ಹಿಡಿದ ಕ್ಲಿಪ್ಪು ಸಡಿಲವಾಗುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ, ಜಲ್ಲಿಯ ಸಂದಿನಲ್ಲಿ ಹುಲ್ಲು ಹುಟ್ಟುತ್ತದೆ. ಗೃಹಿಣಿಗೂ ಗ್ಯಾಂಗಿಗೂ ಕೆಲಸ ಒಂದೇ ಥರದ್ದು: ಮಾಡಿದ್ದನ್ನೇ ಮಾಡಬೇಕು, ಮಾಡಿದ್ದು ಯಾರಿಗೂ ಕಾಣಬಾರದು, ಮಾಡದಿದ್ದರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಮೇಸ್ತ್ರಿಯ ಕೈಯಲ್ಲಿ ಹಾರೆಯೂ ಇಲ್ಲ, ಸನಿಕೆಯೂ ಇಲ್ಲ. ಅವನ ಹತ್ಯಾರ ಅವನ ಎಡಗಣ್ಣು. ಹಳಿ ತಗ್ಗಿದ ಜಾಗದಿಂದ ಮೂವತ್ತು ಹೆಜ್ಜೆ ದೂರ ಹೋಗಿ ಕುಕ್ಕರುಗಾಲಲ್ಲಿ ಕೂತು, ಕೆನ್ನೆಯನ್ನು ಕಂಬಿಗೆ ತಾಗಿಸುವಷ್ಟು ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಕಂಬಿಯ ಮೈಮೇಲೆ ಹರಿಸುತ್ತಾನೆ. ಎಲ್ಲಿ ಎಷ್ಟು ಕುಸಿದಿದೆ ಎಂಬುದು ಅವನಿಗೆ ಕಾಗದದ ಮೇಲೆ ಗೀಟು ಎಳೆದ ಹಾಗೆ ಕಾಣುತ್ತದೆ. ಆಮೇಲೆ ಬಲಗೈ ಎತ್ತುತ್ತಾನೆ. ಅಂಗೈ ಮೇಲಕ್ಕೆ ಹೋದರೆ ಜಾಕಿನವರು ಹಳಿಯನ್ನು ಎತ್ತುತ್ತಾರೆ. ಅಂಗೈ ನಿಂತರೆ ನಿಲ್ಲಿಸುತ್ತಾರೆ. ಉಳಿದವರು ಪಿಕಾಸಿಯ ಚಪ್ಪಟೆ ತುದಿಯಿಂದ ಸ್ಲೀಪರಿನ ಕೆಳಗೆ ಜಲ್ಲಿ ಗುದ್ದಿ ಗುದ್ದಿ ತುಂಬುತ್ತಾರೆ. ಜಾಕು ತೆಗೆದ ಮೇಲೆ ಹಳಿ ಆ ಎತ್ತರದಲ್ಲಿ ನಿಲ್ಲುತ್ತದೆ, ಮತ್ತೆ ಕೂರುವ ತನಕ.

ಈ ವಿದ್ಯೆಯನ್ನು ಅವನಿಗೆ ಕಲಿಸಿದವರು ಅವನ ಮಾವ. ಅಂದರೆ ಆಗ ಮಾವ ಆಗಿರಲಿಲ್ಲ. ಇದೇ ಗ್ಯಾಂಗಿನ ಹಿಂದಿನ ಮೇಸ್ತ್ರಿ ಆಗಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಉದ್ದನೆಯ ಹುಡುಗನ ಕಣ್ಣು ಚೆನ್ನಾಗಿದೆ ಎಂದು ಮೆಚ್ಚಿ ಮಗಳನ್ನೂ ಕೊಟ್ಟು, ಆರು ಕಿಲೋಮೀಟರನ್ನೂ ಕೊಟ್ಟು, ನಿವೃತ್ತರಾಗಿ, ನೆಮ್ಮದಿಯಾಗಿ ಎಂಟು ವರ್ಷ ಬದುಕಿ ಹೋದರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಮುಖ್ಯವಾದದ್ದು ಒಂದು ಸೂತ್ರ: "ಬೇಕಾದ್ದಕ್ಕಿಂತ ಒಂದು ಕಡ್ಡಿ ಜಾಸ್ತಿ." ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಹಳಿಯನ್ನು ಹೆಚ್ಚಿಗೆ ಎತ್ತಬೇಕು ಎಂದು ಅದರ ಅರ್ಥ. ಹೇಗೂ ನಾಲ್ಕು ಗಾಡಿ ಹಾಯ್ದ ಮೇಲೆ ಅಷ್ಟು ಕೂತೇ ಕೂರುತ್ತದಲ್ಲ, ಮುಂಗಡವಾಗಿ ಕೊಟ್ಟುಬಿಟ್ಟರೆ ಸರಿಹೋಗುತ್ತದೆ. ಗ್ಯಾಂಗಿನಲ್ಲಿ ಇದು ಎಷ್ಟು ಮೈಗೂಡಿತ್ತೆಂದರೆ, ಮಟ್ಟ ಸರಿಬಂದ ಕೂಡಲೇ ಜಾಕಿನವನು ಮೇಸ್ತ್ರಿಯ ಮುಖ ನೋಡುತ್ತಿದ್ದ, ಮೇಸ್ತ್ರಿ "ಹೂಂ, ಕಡ್ಡಿ" ಅನ್ನುತ್ತಿದ್ದ, ಜಾಕು ಕಟಕ್ ಎಂದು ಇನ್ನೊಂದು ಹಲ್ಲು ಏರುತ್ತಿತ್ತು.

ಮನೆಯಲ್ಲೂ ಅವನದು ಅದೇ ಮದ್ದು. ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಅಲುಗುವ ಮೇಜು ಕಂಡರೆ ಕಾಲಿನ ಕೆಳಗೆ ರಟ್ಟು. ಆಗ ಇನ್ನೊಂದು ಕಾಲು ಅಲುಗಿದರೆ ಅದರ ಕೆಳಗೆ ಎರಡು ರಟ್ಟು. ಹೀಗೆ ಊಟದ ಮೇಜು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋಗಿ, ಈಗ ಅದರ ಮುಂದೆ ಕೂತವರಿಗೆ ತಟ್ಟೆ ಗಲ್ಲದ ಮಟ್ಟಕ್ಕೆ ಬರುತ್ತದೆ.

ಆ ಆರು ಕಿಲೋಮೀಟರಿನಲ್ಲಿ ಐದು ಕಿಲೋಮೀಟರು ಒಂಬೈನೂರು ಮೀಟರು ಕನ್ನಡಿಯ ಹಾಗಿತ್ತು. ಉಳಿದ ನೂರು ಮೀಟರಿನ ನಡುವೆ ಒಂದು ಕಲ್ಲಿನ ಮೋರಿ. ಹಳಿಯ ಕೆಳಗೆ ಹಳ್ಳದ ನೀರು ಹರಿಯಲು ಯಾವುದೋ ಕಾಲದಲ್ಲಿ ಕಟ್ಟಿದ್ದು, ಆನೆ ಹಾಯ್ದರೂ ಅಲುಗದಂಥದ್ದು. ಅದರ ಎರಡೂ ಬದಿಯಲ್ಲಿ ಮಣ್ಣಿನ ಏರಿ. ಈ ಏರಿಯ ಮೇಲಿನ ಹಳಿ ನಾಲ್ಕು ವರ್ಷದಿಂದ ಮೇಸ್ತ್ರಿಯ ಮರ್ಯಾದೆ ತೆಗೆಯುತ್ತಿತ್ತು. ಎರಡು ವಾರಕ್ಕೊಮ್ಮೆ ಎತ್ತಿ ಜಲ್ಲಿ ಗುದ್ದುತ್ತಿದ್ದರು. ಎರಡು ವಾರಕ್ಕೆ ಮತ್ತೆ ಕೂತಿರುತ್ತಿತ್ತು. ಚರಂಡಿ ಬಿಡಿಸಿ ನೋಡಿದರು, ಜಲ್ಲಿ ಜರಡಿ ಹಿಡಿದು ನೋಡಿದರು, ಸ್ಲೀಪರು ಬದಲಿಸಿ ನೋಡಿದರು. ಗಾಡಿ ಅಲ್ಲಿಗೆ ಬಂದಾಗ ಧಡಕ್ ಎನ್ನುವುದು ಮಾತ್ರ ಬಿಡಲಿಲ್ಲ. ಡ್ರೈವರುಗಳು ದೂರು ಬರೆದರು. ಕೊನೆಗೆ ನಾಲ್ಕು ತಿಂಗಳ ಹಿಂದೆ ಅಲ್ಲಿ ಮರದ ಕಂಬಕ್ಕೆ ಹಳದಿ ಹಲಗೆ ಬಿತ್ತು: ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಜೋರಾಗಿ ಹೋಗಕೂಡದು.

ಆ ಹಲಗೆ ಮೇಸ್ತ್ರಿಯ ಕಣ್ಣಿಗೆ ಪರೀಕ್ಷೆಯಲ್ಲಿ ಬಂದ ಅಂಕದ ಹಾಗೆ ಕಾಣುತ್ತಿತ್ತು. ನೂರಕ್ಕೆ ಮೂವತ್ತು.

ಹಲಗೆಗಿಂತ ಮುಂಚೆಯೇ ತೀರ್ಪು ಕೊಟ್ಟವರು ಅತ್ತೆ. ಅವರು ಮೂರು ತಿಂಗಳು ಈ ಮಗಳ ಮನೆಯಲ್ಲಿ, ಮೂರು ತಿಂಗಳು ನಾಲ್ಕು ಸ್ಟೇಷನ್ ಆಚೆ ಇರುವ ದೊಡ್ಡ ಮಗಳ ಮನೆಯಲ್ಲಿ ಇರುತ್ತಿದ್ದರು. ಬಂದವರು ಚೀಲ ಕೆಳಗಿಡುವ ಮೊದಲೇ ವರದಿ ಒಪ್ಪಿಸುತ್ತಿದ್ದರು.

"ಅಳಿಯಂದ್ರೇ, ನಿಮ್ಮ ಮೋರಿ ಇವತ್ತೂ ಇದೆ. ಸೊಂಟ ಹಿಡ್ಕೊಂಡು ಬಂದೆ."

"ಮೋರಿ ಎಲ್ಲಿಗೆ ಹೋಗುತ್ತೆ ಅತ್ತೆ?"

"ಅದು ಹೋಗೋದು ಬೇಡ. ಗಾಡಿ ಹೋಗ್ಬೇಕಲ್ಲ! ನಮ್ಮ ಯಜಮಾನ್ರ ಕಾಲದಲ್ಲಿ ಅಲ್ಲಿ ಕೂತು ಸೂಜಿಗೆ ದಾರ ಪೋಣಿಸ್ತಿದ್ದೆ ನಾನು."

ಮಾವನ ಹೆಸರು ಎತ್ತಿದರೆ ಮೇಸ್ತ್ರಿ ಅವರ ಚೀಲ ತೆಗೆದುಕೊಂಡು ಒಳಗೆ ನಡೆಯುತ್ತಿದ್ದ. ಹೆಂಡತಿ ಅಡುಗೆಮನೆಯಿಂದಲೇ, "ಅಮ್ಮಾ, ಬಂದ ತಕ್ಷಣ ಶುರು ಮಾಡ್ಬೇಡ, ಕೈಕಾಲು ತೊಳ್ಕೋ," ಎಂದು ಬಾವುಟ ತೋರಿಸಿ ಗಾಡಿ ನಿಲ್ಲಿಸುತ್ತಿದ್ದಳು.

ಹೀಗಿರುವಾಗ ಒಂದು ಬುಧವಾರ, ಗ್ಯಾಂಗು ಮೋರಿಯ ಹತ್ತಿರ ಎಂದಿನಂತೆ ಜಲ್ಲಿ ಗುದ್ದುತ್ತಿದ್ದಾಗ ಇಂಜಿನಿಯರಮ್ಮ ಬಂದರು. ಅರವತ್ತು ಕಿಲೋಮೀಟರು ಹಳಿಯನ್ನು ನೋಡಿಕೊಳ್ಳಲು ಬಂದು ಅವರಿಗೆ ಇನ್ನೂ ಎರಡೇ ತಿಂಗಳಾಗಿತ್ತು. ಮೇಸ್ತ್ರಿಗೆ ಮಗಳಾಗುವಷ್ಟು ವಯಸ್ಸು. ಮಾತು ಮೆತ್ತಗೆ, ಆದರೆ ಹೇಳಿದ್ದು ಮೆತ್ತಗಿರಲಿಲ್ಲ.

"ಮೇಸ್ತ್ರಿಗಳೇ, ಬರೋ ವಾರ ಬಿಟ್ಟು ಆಚೆ ಸೋಮವಾರ ಹಲಗೆಯವರು ಬರ್ತಾರೆ. ಈ ಮರದ ಕಂಬ ತೆಗೆದು ಕಬ್ಬಿಣದ ಕಂಬ ನೆಡ್ತಾರೆ. ಸಿಮೆಂಟು ಹಾಕಿ."

"ಅಂದ್ರೆ ಮೇಡಂ?"

"ಅಂದ್ರೆ ಖಾಯಂ ಅಂತ. ವೇಳಾಪಟ್ಟಿಯಲ್ಲೇ ಮೂವತ್ತು ಅಂತ ಅಚ್ಚಾಗಿಬಿಡುತ್ತೆ. ನಾಲ್ಕು ವರ್ಷದಿಂದ ನಿಲ್ತಾ ಇಲ್ಲ ಅಂದ್ರೆ ಜಾಗದ್ದೇ ದೋಷ ಅಂತ ಮೇಲಿನವರು ತೀರ್ಮಾನ ಮಾಡಿದ್ದಾರೆ. ಅಷ್ಟರೊಳಗೆ ಸರಿಹೋದ್ರೆ ಸರಿ."

ಅವರು ಹೋದ ಮೇಲೆ ಎರಡು ಹೊಸ ಗುಂಡಿಗಳು ಮೇಸ್ತ್ರಿಯ ಕಣ್ಣಿಗೆ ಬಿದ್ದವು. ಹಲಗೆಯವರು ಆಗಲೇ ಬಂದು, ಕಂಬಕ್ಕೆ ಜಾಗ ತೋಡಿಟ್ಟು ಹೋಗಿದ್ದರು.

ಗ್ಯಾಂಗಿನಲ್ಲಿ ರೇಡಿಯೋ ಎಂದು ಕರೆಸಿಕೊಳ್ಳುವ ಒಬ್ಬ ಜಾಕಿನವನಿದ್ದ. ಅವನಿಗೆ ಆ ಹೆಸರು ಬಂದದ್ದು ಹಾಡುವುದರಿಂದಲ್ಲ, ಆರಿಸುವ ಗುಂಡಿ ಇಲ್ಲದ್ದರಿಂದ. "ಬಿಡಿ ಮೇಸ್ತ್ರಿ, ಒಳ್ಳೇದೇ ಆಯ್ತು," ಅಂದ ಅವನು ಗುಂಡಿಯೊಳಗೆ ಇಣುಕಿ. "ಸಿಮೆಂಟು ಹಾಕಿದ್ರೆ ಹಲಗೆನಾದ್ರೂ ಕೂರದೆ ನಿಲ್ಲುತ್ತೆ. ನಮ್ಮ ಗ್ಯಾಂಗಲ್ಲಿ ಒಂದಾದ್ರೂ ನಿಂತ ಹಾಗಾಯ್ತು."

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಆದರೆ ಆ ರಾತ್ರಿ ಊಟಕ್ಕೆ ಕೂತವನು ಗಲ್ಲದ ಮಟ್ಟದಲ್ಲಿದ್ದ ತಟ್ಟೆಯನ್ನು ಬಹಳ ಹೊತ್ತು ನೋಡುತ್ತಾ ಕೂತ. ತನಗೆ ಇನ್ನು ಹದಿಮೂರು ವರ್ಷದ ಸರ್ವಿಸು ಇದೆ. ಹಲಗೆಗೆ ನಿವೃತ್ತಿಯೇ ಇಲ್ಲ. ಮಾವ ಕೊಟ್ಟಾಗ ಇಲ್ಲದ್ದು ತಾನು ಬಿಟ್ಟುಹೋಗುವಾಗ ಸಿಮೆಂಟಿನಲ್ಲಿ ನಿಂತಿರುತ್ತದೆ. ಮುಂದೆ ಬರುವ ಮೇಸ್ತ್ರಿಗಳೆಲ್ಲ ಅದರತ್ತ ಕೈ ತೋರಿಸಿ, ಇದು ಆ ಉದ್ದನೆಯವನ ಕಾಲದ್ದು ಅನ್ನುತ್ತಾರೆ.

ಭಾನುವಾರ ಅತ್ತೆಯನ್ನು ಕರೆತರುವ ಪಾಳಿ. ಯಾವಾಗಲೂ ಹೆಂಡತಿಯೇ ಹೋಗುತ್ತಿದ್ದಳು. ಈ ಸಲ ಅವಳ ಹಲ್ಲು ಕಿತ್ತಿದ್ದರಿಂದ ಕೆನ್ನೆ ಊದಿ, ಮೇಸ್ತ್ರಿಯೇ ಹೊರಡಬೇಕಾಯಿತು. ಹೋಗುವಾಗ ಅವನು ಯಾವಾಗಿನಂತೆ ಬಾಗಿಲಲ್ಲಿ ನಿಂತು ಹೋದ. ಹಳಿಯ ಕೆಲಸದವರು ರೈಲು ಹತ್ತಿದರೆ ಕೂರುವುದಿಲ್ಲ. ಬಾಗಿಲಿಗೆ ಜೋತುಬಿದ್ದು ಬೇರೆ ಗ್ಯಾಂಗಿನವರ ಜಲ್ಲಿ, ಬೇರೆಯವರ ಚರಂಡಿ, ಬೇರೆಯವರ ಹುಲ್ಲು ನೋಡಿ ತಲೆಯಾಡಿಸುತ್ತಾ ಹೋಗುತ್ತಾರೆ. ಬೇರೆಯವರ ಮನೆಗೆ ಹೋದ ಗೃಹಿಣಿ ಕಿಟಕಿಯ ಧೂಳಿನ ಮೇಲೆ ಬೆರಳಾಡಿಸುವ ಹಾಗೆ. ನಿಂತವನ ಮೊಣಕಾಲು ಗಾಡಿಯ ಕುಲುಕಾಟವನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ. ಅದನ್ನು ಅವನು ಯೋಚಿಸಿರಲಿಲ್ಲ. ಹಾಗಾಗಿ ಮೇಸ್ತ್ರಿ ತನ್ನ ಆರು ಕಿಲೋಮೀಟರನ್ನು ಕಾಲಿನಿಂದ ಬಲ್ಲವನಾಗಿದ್ದ, ಕಣ್ಣಿನಿಂದ ಬಲ್ಲವನಾಗಿದ್ದ. ಕೂತು ಒಮ್ಮೆಯೂ ಬಲ್ಲವನಾಗಿರಲಿಲ್ಲ.

ಬರುವಾಗ ಅತ್ತೆಯ ಎರಡು ಚೀಲ, ಒಂದು ಡಬ್ಬ, ಒಂದು ದಿಂಬು. ಅವನು ಅವನ್ನೆಲ್ಲ ಸೇರಿಸಿಟ್ಟು ಬಾಗಿಲ ಕಡೆ ಹೊರಟ.

"ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ. ಹಳಿ ಎಲ್ಲೂ ಓಡಿಹೋಗಲ್ಲ. ನಾನು ದಿಂಬು ಹಿಡ್ಕೊಳ್ಳೋದೋ, ಡಬ್ಬ ಹಿಡ್ಕೊಳ್ಳೋದೋ?"

ಮೇಸ್ತ್ರಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಶಾಲೆಗೆ ಹೊರಟ ಮಗುವಿನ ಹಾಗೆ ಕೂತ. ಮೂರು ಸ್ಟೇಷನ್ನುಗಳವರೆಗೆ ಅತ್ತೆ ದೊಡ್ಡ ಮಗಳ ಮನೆಯ ನಲ್ಲಿ, ಮೊಮ್ಮಕ್ಕಳ ಓದು, ಪಕ್ಕದ ಮನೆಯವಳ ಜಂಭ ಎಲ್ಲವನ್ನೂ ಹೇಳಿದರು. ಹಳದಿ ಹಲಗೆ ಬಂತು. ಗಾಡಿ ನಿಧಾನವಾಯಿತು. ಅತ್ತೆ ಮಾತು ನಿಲ್ಲಿಸಿ ಸೀಟಿನ ಅಂಚು ಹಿಡಿದುಕೊಂಡರು. ಮೇಸ್ತ್ರಿಗೆ ಅದನ್ನು ನೋಡಿಯೇ ಮುಖ ಬಿಸಿಯಾಯಿತು.

ಆಮೇಲೆ ಅವನ ಕೆಳಗಿನ ಸೀಟು ಅವನನ್ನು ಮೇಲಕ್ಕೆತ್ತಿತು. ಎತ್ತಿ, ಒಂದು ಗಳಿಗೆ ಹಾಗೇ ಹಿಡಿದು, ಕೈಬಿಟ್ಟಿತು. ಡಬ್ಬದ ಮುಚ್ಚಳ ಕಟಕಟ ಅಂದಿತು.

ಮೇಸ್ತ್ರಿ ಎರಡೂ ಕೈಯಿಂದ ಡಬ್ಬ ಹಿಡಿದುಕೊಂಡ.

"ನೋಡಿದ್ರಾ?" ಅಂದರು ಅತ್ತೆ. "ನಾನು ಹೇಳಿದ್ರೆ ಅತ್ತೆ ಕೊಂಕು ಅಂತೀರಿ."

"ಅತ್ತೆ, ಯಾವಾಗ್ಲೂ ಹೀಗೇನಾ? ಮೊದ್ಲು ಮೇಲೆ, ಆಮೇಲೆ ಕೆಳಗೆ?"

"ಮತ್ತೆ? ಯಾರೋ ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ಸರಿ ಹೋಗು ಅಂತ ಬಿಟ್ಟ ಹಾಗೆ."

ನಾಲ್ಕು ವರ್ಷ ಅವನು ಹುಡುಕಿದ್ದು ತಗ್ಗನ್ನು. ಇದು ಉಬ್ಬು.

ಸೋಮವಾರ ಬೆಳಗಾಗುವುದೇ ತಡ, ಮೇಸ್ತ್ರಿ ಒಂದು ಉಂಡೆ ಹುರಿ ತೆಗೆದುಕೊಂಡು ರೇಡಿಯೋನನ್ನೂ ಎಬ್ಬಿಸಿಕೊಂಡು ಮೋರಿಗೆ ಹೋದ. ಮೋರಿಯಿಂದ ನಲವತ್ತು ಹೆಜ್ಜೆ ಈಚೆ, ನಲವತ್ತು ಹೆಜ್ಜೆ ಆಚೆ, ಹಳಿ ಸರಿಯಾಗಿರುವ ಜಾಗ ಹಿಡಿದು ಎರಡೂ ಕಡೆ ಒಂದೇ ಎತ್ತರದ ಮರದ ತುಂಡಿಟ್ಟು, ಹುರಿಯನ್ನು ಸಾಧ್ಯವಾದಷ್ಟು ಬಿಗಿಯಾಗಿ ಎಳೆದು ಕಟ್ಟಿದರು. ನಡುವೆ ಹುರಿ ಎಲ್ಲಿ ಎಷ್ಟು ಜೋಲುತ್ತದೆ ಎಂಬುದಕ್ಕೆ ಮೇಸ್ತ್ರಿಗೆ ಲೆಕ್ಕ ಗೊತ್ತಿತ್ತು. ಅದನ್ನೂ ಮರದ ತುಂಡಿನ ಎತ್ತರವನ್ನೂ ಕಳೆದು ನೋಡಿದ. ಏರಿಯ ಮೇಲೆ ಹಳಿ ಇರಬೇಕಾದ್ದಕ್ಕಿಂತ ಒಂದು ಬೆರಳು ಕೆಳಗಿತ್ತು. ಮೋರಿಯ ಮೇಲೆ ಹುರಿಯನ್ನು ಮುಟ್ಟುವಷ್ಟು ಎದ್ದಿತ್ತು. ಮೂರು ಬೆರಳು ಎತ್ತರ.

"ಇದು ಹೇಗೆ ಮೇಸ್ತ್ರಿ?" ಅಂದ ರೇಡಿಯೋ. "ಮೋರಿ ಬೆಳೀತಾ?"

ಮೇಸ್ತ್ರಿ ಕಂಬಿಯ ಮೇಲೆ ಕೂತುಬಿಟ್ಟ. ಎಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. ಮೋರಿ ಅಲುಗದ ಜಾಗ ಎಂದು ಅವನು ಕಣ್ಣು ಹರಿಸಲು ಕೂರುತ್ತಿದ್ದದ್ದು ಯಾವಾಗಲೂ ಮೋರಿಯ ಮೇಲೆ. ಅದೇ ಅವನ ಮಟ್ಟ. ಅಲ್ಲಿಂದ ನೋಡಿದರೆ ಏರಿಯ ಹಳಿ ತಗ್ಗಿದ ಹಾಗೆ ಕಾಣದೆ ಇನ್ನು ಹೇಗೆ ಕಂಡೀತು? ಅದನ್ನು ಮೋರಿಯ ಎತ್ತರಕ್ಕೆ ಎತ್ತುತ್ತಿದ್ದರು. ಮೆತ್ತನೆಯ ಮಣ್ಣು, ಅದು ತನ್ನ ಜಾಗಕ್ಕೆ ವಾಪಸು ಕೂರುತ್ತಿತ್ತು. ವರ್ಷಕ್ಕೊಮ್ಮೆ ಮೋರಿಯ ಮೇಲಿನ ಹಳಿಗೂ ಜಲ್ಲಿ ಗುದ್ದುವುದು ವಾಡಿಕೆ. ಆಗಲೂ ಒಂದು ಕಡ್ಡಿ ಜಾಸ್ತಿ. ಮಣ್ಣಿನ ಮೇಲೆ ಕೊಟ್ಟ ಕಡ್ಡಿ ನಾಲ್ಕು ಗಾಡಿಗೆ ಕರಗುತ್ತದೆ. ಕಲ್ಲಿನ ಮೇಲೆ ಕೊಟ್ಟದ್ದು ಎಲ್ಲಿಗೆ ಹೋಗಬೇಕು? ಮಾವನ ಒಂಬತ್ತು ವರ್ಷ, ಇವನ ಹದಿನೈದು ವರ್ಷ. ವರ್ಷಕ್ಕೊಂದು ಕಡ್ಡಿಯಂತೆ ಇಪ್ಪತ್ತನಾಲ್ಕು ಬೆಂಕಿಕಡ್ಡಿ ಒಂದರ ಮೇಲೊಂದು ಪೇರಿಸಿದರೆ ಸರಿಯಾಗಿ ಮೂರು ಬೆರಳಾಗುತ್ತದೆ.

"ಮೋರಿ ಬೆಳೀಲಿಲ್ಲ ಕಣೋ," ಅಂದ ಮೇಸ್ತ್ರಿ. "ನಾವೇ ಸಾಕಿ ಬೆಳೆಸಿದ್ವಿ."

ಇದನ್ನು ಇಂಜಿನಿಯರಮ್ಮನಿಗೆ ಹೇಳುವುದೇ ದೊಡ್ಡ ಕೆಲಸವಾಯಿತು. ಮಂಗಳವಾರ ಅವರ ಮೇಜಿನ ಮುಂದೆ ನಿಂತು ಮೇಸ್ತ್ರಿ ಮೊದಲು ಹವಾಮಾನದ ವಿಷಯ ಮಾತಾಡಿದ, ಆಮೇಲೆ ಹೊಸ ಸನಿಕೆಗಳ ಹಿಡಿಯ ಬಗ್ಗೆ ಮಾತಾಡಿದ. ಅವರು ಪೆನ್ನು ಕೆಳಗಿಟ್ಟು, "ಹೇಳಿ ಮೇಸ್ತ್ರಿಗಳೇ," ಅಂದ ಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟ. ಜಾಗದ್ದು ದೋಷವಲ್ಲ, ತನ್ನ ಕಣ್ಣಿನದು. ಎತ್ತುವುದಲ್ಲ, ಇಳಿಸಬೇಕು.

ಇಂಜಿನಿಯರಮ್ಮ ನಗುತ್ತಾರೇನೋ ಎಂದು ಕಾದ. ಅವರು ನಗಲಿಲ್ಲ. ಹಾಳೆಯ ಮೇಲೆ ಒಂದು ಗುಡ್ಡದ ಚಿತ್ರ ಬರೆದು, "ಮೋರಿ ಮೇಲೆ ಸ್ಲೀಪರ್ ಕೆಳಗೆ ಜಲ್ಲಿ ಎಷ್ಟಿದೆ?" ಎಂದು ಕೇಳಿದರು.

"ಒಂದೂವರೆ ಅಡಿ ಇದೆ ಮೇಡಂ. ಮೂರು ಬೆರಳು ತೆಗೆದ್ರೆ ಅದಕ್ಕೆ ಗೊತ್ತೂ ಆಗಲ್ಲ."

"ಶುಕ್ರವಾರ ಬೆಳಿಗ್ಗೆ ಆರರಿಂದ ಎಂಟು. ಆ ಎರಡು ಗಂಟೆ ಗಾಡಿ ಇರಲ್ಲ. ಬಿಸಿಲೇರಿದ ಮೇಲೆ ಮುಟ್ಟೋ ಹಾಗಿಲ್ಲ, ಕಂಬಿ ಹಿಗ್ಗಿದಾಗ ಜಲ್ಲಿ ಬಿಡಿಸಿದ್ರೆ ಹಾವಿನ ಹಾಗೆ ಸೊಟ್ಟಗಾಗುತ್ತೆ, ನಿಮಗೆ ಗೊತ್ತಿರೋದೇ. ಎರಡು ಗಂಟೆಯಲ್ಲಿ ಆಗುತ್ತಾ?"

"ಆಗ್ಬೇಕು," ಅಂದ ಮೇಸ್ತ್ರಿ. ಆಗದಿದ್ದರೆ ಸೋಮವಾರ ಸಿಮೆಂಟು.

ಶುಕ್ರವಾರ ಬೆಳಿಗ್ಗೆ ಐದೂಮುಕ್ಕಾಲಿಗೇ ಎಲ್ಲರೂ ಹಾಜರು. ಎರಡೂ ಕಡೆ ಕೆಂಪು ಬಾವುಟ ನೆಟ್ಟಾಯಿತು, ಸೀಟಿಯವನು ಏರಿಯ ಮೇಲೆ ನಿಂತ, ಇಂಜಿನಿಯರಮ್ಮ ಕಂಬಿಯ ಮೈಗೆ ಥರ್ಮಾಮೀಟರು ಅಂಟಿಸಿ ಜ್ವರ ನೋಡುವ ಡಾಕ್ಟರ ಹಾಗೆ ಕಾದು, "ಶುರು ಮಾಡಿ," ಅಂದರು. ಸ್ಲೀಪರುಗಳ ಸಂದಿನ ಜಲ್ಲಿಯನ್ನು ಸನಿಕೆಯಲ್ಲಿ ತೋಡಿ ಹೊರಗೆ ಹಾಕಿದರು. ಜಾಕು ಕೊಟ್ಟು ಹಳಿಯನ್ನು ತುಸುವೇ ಬಿಡಿಸಿಕೊಂಡು, ಉದ್ದ ಹಿಡಿಯ, ಬಾಚಣಿಗೆಯಂಥ ಹಲುಬೆಯಿಂದ ಸ್ಲೀಪರಿನ ಹೊಟ್ಟೆಯಡಿಯ ಜಲ್ಲಿಯನ್ನು ಎಳೆದರು. ಮೊದಲ ಒಂದು ಗಂಟೆ ರೇಡಿಯೋನೂ ಮಾತಾಡಲಿಲ್ಲ.

ಆಮೇಲೆ ಇಳಿಸುವ ಹೊತ್ತು ಬಂತು. ಮೇಸ್ತ್ರಿ ಈ ಸಲ ಮೋರಿ ಬಿಟ್ಟು ಐವತ್ತು ಹೆಜ್ಜೆ ದೂರ ಹೋಗಿ ಕುಕ್ಕರಿಸಿದ. ಕೆನ್ನೆ ಬಗ್ಗಿಸಿದ, ಕಣ್ಣು ಮುಚ್ಚಿದ, ಕೈ ತೋರಿಸಿದ. ಜಾಕು ಕಟಕ್ ಎಂದಿತು. ಇನ್ನೊಮ್ಮೆ ತೋರಿಸಿದ. ಕಟಕ್. ಹಳಿ ಇಳಿಯುವ ಬದಲು ಕಣ್ಣೆದುರಿಗೇ ಏರುತ್ತಿದೆ.

"ಯಾವನೋ ಅದು ಎತ್ತುತ್ತಿರೋನು? ಇಳಿಸ್ರೋ!"

"ನೀವೇ ಮೇಲೆ ಅಂತಿದ್ದೀರಲ್ಲ ಮೇಸ್ತ್ರಿ! ಕೈ ನೋಡ್ಕೊಳ್ಳಿ, ಕೈ!"

ನೋಡಿಕೊಂಡ. ಅಂಗೈ ಆಕಾಶ ನೋಡುತ್ತಾ ಮೇಲೆ ಮೇಲೆ ಹೋಗುತ್ತಿತ್ತು. ಬಾಯಿ ಇಳಿಸಿ ಅನ್ನುತ್ತಿದೆ, ಕೈ ಎತ್ತಿ ಅನ್ನುತ್ತಿದೆ. ಹದಿನೈದು ವರ್ಷದ ಮೇಸ್ತ್ರಿಕೆಯಲ್ಲಿ ಆ ಕೈಗೆ ಕೆಳಗೆ ಎಂಬ ದಿಕ್ಕಿದೆ ಎಂದು ಯಾರೂ ಹೇಳಿರಲಿಲ್ಲ. ಎತ್ತಿದ್ದನ್ನು ಇಳಿಸಿ, ಮತ್ತೆ ಶುರು ಮಾಡುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಎರಡು ಸಲ ಅಂಗೈ ಕೆಳಗೆ ಮಾಡಿ ತೋರಿಸಿದ. ಮೂರನೆಯ ಸಲಕ್ಕೆ ಅದು ತಾನಾಗಿ ಮೇಲೆ ಎದ್ದಿತು. ಇಂಜಿನಿಯರಮ್ಮ ಗಡಿಯಾರ ನೋಡಿಕೊಂಡರು. ಏಳೂ ಇಪ್ಪತ್ತೈದು.

ಮೇಸ್ತ್ರಿ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಎಡಗೈ ತೆಗೆದ. ಎಡಗೈಗೆ ಯಾವ ಅಭ್ಯಾಸವೂ ಇರಲಿಲ್ಲ, ಹೇಳಿದ್ದು ಮಾಡಿತು. ಕೆಳಗೆ. ಇನ್ನೂ ಕೆಳಗೆ. ನಿಲ್ಲು. ಮುಂದಿನ ಸ್ಲೀಪರು. ಕೆಳಗೆ.

"ಮೇಸ್ತ್ರಿ ಜೇಬಲ್ಲಿ ಕೈ ಇಟ್ಕೊಂಡು ಕೆಲಸ ಮಾಡೋ ಅಷ್ಟು ದೊಡ್ಡ ಮನುಷ್ಯ ಆಗೋದ್ರಪ್ಪ," ಎಂದು ರೇಡಿಯೋ ಶುರುವಾದ. ಅದು ಶುರುವಾಯಿತೆಂದರೆ ಕೆಲಸ ಹದಕ್ಕೆ ಬಂದಿದೆ ಎಂದೇ ಲೆಕ್ಕ. ಪಿಕಾಸಿಗಳು ತಾಳ ಹಿಡಿದವು. ಮೋರಿಯ ಮೇಲೆ ಇಳಿಸಿ, ಏರಿಯ ಮೇಲೆ ಎರಡೂ ಕಡೆ ಉದ್ದಕ್ಕೆ ಎಳೆದು ಒಂದು ಬೆರಳು ಎತ್ತಿ, ಒಂದಕ್ಕೊಂದು ಕೂಡಿಸಿದರು. ಏಳೂ ಐವತ್ತಕ್ಕೆ ಮೇಸ್ತ್ರಿ ಕೊನೆಯ ಸಲ ಕೆನ್ನೆ ಬಗ್ಗಿಸಿದ. ಕಂಬಿ ಈ ತುದಿಯಿಂದ ಆ ತುದಿಗೆ ಗೀಟು ಎಳೆದ ಹಾಗಿತ್ತು.

ರೇಡಿಯೋ ಜಾಕಿನ ಹಿಡಿಯ ಮೇಲೆ ಕೈಯಿಟ್ಟು ಮೇಸ್ತ್ರಿಯ ಮುಖ ನೋಡಿದ. ಹತ್ತೂ ಜನ ನೋಡಿದರು. ಕಡ್ಡಿಗಾಗಿ ಕಾಯುತ್ತಿದ್ದರು. ಮೇಸ್ತ್ರಿಯ ನಾಲಗೆಯ ತುದಿಗೆ "ಹೂಂ" ಬಂದು ಕೂತಿತ್ತು. ಅದು ಮಾವನ ಹೂಂ. ಇಪ್ಪತ್ತೆರಡು ವರ್ಷದ ಹೂಂ. ಜೇಬಿನೊಳಗೆ ಬಲಗೈ ಅಲುಗಿತು.

"ಸಾಕು," ಅಂದ. "ಜಾಕು ತೆಗೀರಿ."

"ಕಡ್ಡಿ?"

"ಬೇಡ. ಮೋರಿ ಮೇಲೆ ಇನ್ನು ಯಾವತ್ತೂ ಬೇಡ."

ಎಂಟೂ ಹತ್ತರ ಗಾಡಿ ಇಪ್ಪತ್ತರ ವೇಗದಲ್ಲಿ ಕಳ್ಳಹೆಜ್ಜೆಯಲ್ಲಿ ಹಾಯ್ದುಹೋಯಿತು. ಎಲ್ಲರೂ ಬದಿಗೆ ಸರಿದು ನಿಂತು ಗಾಲಿಗಳನ್ನೇ ನೋಡಿದರು. ಗಾಲಿ ಮೋರಿಯನ್ನು ಹತ್ತಲಿಲ್ಲ, ಮೋರಿಯಿಂದ ಇಳಿಯಲಿಲ್ಲ. ಸುಮ್ಮನೆ ಹೋಯಿತು. ಇಂಜಿನಿಯರಮ್ಮ ಶನಿವಾರ ಬಂದು ಅಳೆದರು, ಭಾನುವಾರವೂ ಬಂದು ಅಳೆದರು. ಸೋಮವಾರ ಹಲಗೆಯವರು ಸಿಮೆಂಟಿನ ಚೀಲ ಇಳಿಸುವ ಹೊತ್ತಿಗೆ ಅವರು ಅಲ್ಲೇ ನಿಂತಿದ್ದರು. "ಚೀಲ ವಾಪಸ್ ಹಾಕ್ಕೊಳ್ಳಿ. ಗುಂಡಿ ಮುಚ್ಚಿ," ಅಂದರು. ಹಲಗೆಯವರು, ತೋಡುವಾಗಲೇ ಹೇಳಬಾರದಿತ್ತೇ ಎಂದು ಗೊಣಗಿಕೊಂಡು ಮಣ್ಣೆಳೆದರು. ವೇಗ ನಲವತ್ತೈದಾಯಿತು, ಎಪ್ಪತ್ತೈದಾಯಿತು, ಹತ್ತನೆಯ ದಿನ ಪೂರ್ತಿಯಾಯಿತು. ಮರದ ಕಂಬವನ್ನು ರೇಡಿಯೋ ಒಬ್ಬನೇ ಅಲುಗಿಸಿ ಕಿತ್ತ.

ಅತ್ತೆಗೆ ವಿಷಯ ಹೇಗೆ ಹೇಳುವುದೆಂದು ಮೇಸ್ತ್ರಿಗೆ ತಿಳಿದಿರಲಿಲ್ಲ. ಸತ್ತವರ ಮೇಲೆ ತಪ್ಪು ಹೊರಿಸಿದ ಹಾಗಾಗಬಾರದು. ಆದರೆ ಹೆಂಡತಿಯ ಮುಂದೆ ಹೇಳಿದ್ದು ಸಂಜೆಯ ಹೊತ್ತಿಗೆ ಅತ್ತೆಗೆ ಮುಟ್ಟಿತ್ತು. ಅವರು ಊಟಕ್ಕೆ ಕೂತಾಗ ಗಂಭೀರವಾಗಿ ಕೇಳಿದರು.

"ಅಂದ್ರೆ ಅದು ನಮ್ಮ ಯಜಮಾನ್ರ ಕಡ್ಡಿಯಿಂದ ಆದದ್ದಾ?"

"ಹಾಗಲ್ಲ ಅತ್ತೆ. ಅವರದ್ದು ಒಂಬತ್ತೇ ಕಡ್ಡಿ. ನನ್ನದು ಹದಿನೈದು."

ಅತ್ತೆ ಕೈಯ ತುತ್ತನ್ನು ತಟ್ಟೆಗೆ ಇಳಿಸಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ನಗು ಕಣ್ಣಲ್ಲಿ ನೀರಾಗಿ ಬಂತು. "ಮನೇಲೂ ಹಾಗೇ ಕಣೇ," ಅಂದರು ಮಗಳ ಕಡೆ ತಿರುಗಿ. "ನಾನು ಉಪ್ಪು ಹಾಕಿ ಆ ಕಡೆ ತಿರುಗಿದ್ರೆ, ಈ ಕಡೆಯಿಂದ ಬಂದು ಇನ್ನೊಂದು ಚಿಟಿಕೆ ಹಾಕ್ತಿದ್ರು. ಬೆಂದ ಮೇಲೆ ಕಮ್ಮಿಯಾಗುತ್ತೆ ಅಂತ. ಉಪ್ಪು ಎಲ್ಲಾದ್ರೂ ಕಮ್ಮಿಯಾಗುತ್ತಾ? ನಲವತ್ತು ವರ್ಷ ತಿಂದೆ." ಸೆರಗಿನಿಂದ ಕಣ್ಣೊರೆಸಿಕೊಂಡು, ಅಳಿಯನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಕೇಳಲಿಲ್ಲ, ಬಡಿಸಿದರು.

ಬುಧವಾರ ಬಂತು. ಸನಿಕೆ ಹಾರೆ ಹೊತ್ತ ಗ್ಯಾಂಗು ಎರಡೆರಡು ಅಡಿಯ ಹೆಜ್ಜೆಯಲ್ಲಿ ಮೋರಿಯವರೆಗೆ ಬಂದು, ಯಾರೂ ಹೇಳದೆ ತಾನಾಗಿ ನಿಂತಿತು. ನಾಲ್ಕು ವರ್ಷದಿಂದ ಪ್ರತಿ ಎರಡನೆಯ ಬುಧವಾರ ಇಲ್ಲಿಗೇ ಬಂದದ್ದು. ಒಬ್ಬ ಜಾಕನ್ನು ಕೆಳಗಿಟ್ಟೂಬಿಟ್ಟ. ಮೇಸ್ತ್ರಿ ಕಂಬಿಯ ಮೇಲೆ ಕಣ್ಣು ಹರಿಸಿ, ಎದ್ದು ಮಂಡಿ ಒರೆಸಿಕೊಂಡ.

"ಏನ್ ಮಾಡೋದು ಮೇಸ್ತ್ರಿ ಇಲ್ಲಿ?" ಅಂದ ರೇಡಿಯೋ.

"ಏನೂ ಇಲ್ಲ."

ಏನೂ ಮಾಡಲಿಕ್ಕಿಲ್ಲದ ಜಾಗದಲ್ಲಿ ಏನು ಮಾಡಬೇಕೆಂದು ಹನ್ನೊಂದು ಜನಕ್ಕೂ ತಿಳಿಯಲಿಲ್ಲ. ಕೊನೆಗೆ ಚಹಾ ಕುಡಿಯೋಣ ಎಂದಾಯಿತು. ಏರಿಯಿಂದ ದೂರ, ಮರದ ನೆರಳಲ್ಲಿ ಕೂತು ಫ್ಲಾಸ್ಕಿನಿಂದ ಬಗ್ಗಿಸಿಕೊಂಡರು. ಆಗ ಒಂಬತ್ತೂವರೆಯ ಎಕ್ಸ್‌ಪ್ರೆಸ್ಸು ಕೂಗಿತು.

"ಮೇಸ್ತ್ರಿ, ಹೋಗಿ ನೋಡಲ್ವಾ?"

"ನೋಡೋಕೇನಿದೆ? ಕುಡೀರಿ, ಆರಿಹೋಗುತ್ತೆ," ಅಂದ ಮೇಸ್ತ್ರಿ, ದೊಡ್ಡ ಮನಸ್ಸಿನವನ ಹಾಗೆ ಮರಕ್ಕೆ ಒರಗಿ. ಎರಡು ಗುಟುಕು ಕುಡಿದ. ಕಂಬಿ ಸಣ್ಣಗೆ ಹಾಡತೊಡಗಿತು. ಮೂರನೆಯ ಗುಟುಕಿಗೆ ಲೋಟ ನೆಲದ ಮೇಲಿಟ್ಟ, ಕಾಲು ಜೋಮು ಹಿಡಿಯಿತು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಎದ್ದ, ಟುಕುಟುಕು ಹೆಜ್ಜೆಯಲ್ಲಿ ಏರಿಯ ಬದಿಗೆ ಹೋಗಿ ನಿಂತ. ಗಾಡಿ ಗಾಳಿಯೆಬ್ಬಿಸಿಕೊಂಡು ಹೋಯಿತು, ಯಾವ ಕಿಟಕಿಯಲ್ಲೂ ಒಂದು ಮುಖವನ್ನೂ ಗುರುತಿಸಲಾಗದಷ್ಟು ಜೋರಾಗಿ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ತಿರುಗಿ ನೋಡದೆ, ಕೊನೆಯ ಡಬ್ಬಿಯ ಗಾಲಿ ಮೋರಿ ದಾಟುವವರೆಗೂ ಅಲ್ಲೇ ಬಗ್ಗಿ ನಿಂತಿದ್ದ.